ನಗರಗಳ ಸ್ಪರ್ಧಾಶಕ್ತಿ ಮತ್ತು ಪಟ್ಟಿಯ ಹೊರಗಿನ ಊರುಗಳು

ಯಾವ ನಗರ ಹೆಚ್ಚು ಬಂಡವಾಳವನ್ನೂ ಕುಶಲ ದುಡಿಮೆಗಾರರನ್ನೂ ಸೆಳೆಯಬಲ್ಲದು, ಯಾವುದು ತನ್ನ ನಿವಾಸಿಗಳ ಆದಾಯವನ್ನು ವರ್ಷದಿಂದ ವರ್ಷಕ್ಕೆ ಏರಿಸಬಲ್ಲದು ಎಂಬುದನ್ನು ಅಂಕಿಗಳಲ್ಲಿ ಹೇಳುವ ಪ್ರಯತ್ನಕ್ಕೆ ನಗರಗಳ ಆರ್ಥಿಕ ಸ್ಪರ್ಧಾಶಕ್ತಿಯ ಮಾಪನ ಎಂದು ಹೆಸರು. ಕಳೆದ ಮೂರು ದಶಕಗಳಲ್ಲಿ ಇಂಥ ಮಾಪನಗಳು ಸಂಶೋಧಕರ ಮೇಜಿನಿಂದ ಎದ್ದು ಸರ್ಕಾರಗಳ ಆಯವ್ಯಯ ಭಾಷಣಗಳಿಗೂ ಪತ್ರಿಕೆಗಳ ಮುಖಪುಟಕ್ಕೂ ಬಂದಿವೆ. ಒಂದು ನಗರ ಎಷ್ಟನೆಯ ಸ್ಥಾನದಲ್ಲಿದೆ ಎಂಬುದರ ಮೇಲೆ ಹಣ ಹಂಚಿಕೆಯಾಗುವ, ರಸ್ತೆಗಳು ಮಂಜೂರಾಗುವ, ಒಮ್ಮೊಮ್ಮೆ ನೀರು ಕೂಡ ಹಂಚಿಕೆಯಾಗುವ ಕಾಲ ಇದು. ಆದ್ದರಿಂದ ಆ ಅಂಕಿಗಳು ಏನನ್ನು ಅಳೆಯುತ್ತವೆ ಎನ್ನುವುದಕ್ಕಿಂತ ಎಲ್ಲಿಯವರೆಗೆ ಅಳೆಯುತ್ತವೆ, ಅಂದರೆ ನಗರದ ಗಡಿಯನ್ನು ಯಾವ ಊರಿನ ಹತ್ತಿರ ನಿಲ್ಲಿಸುತ್ತವೆ ಎಂಬ ಪ್ರಶ್ನೆ ಹೆಚ್ಚು ಮುಖ್ಯವಾಗುತ್ತದೆ. ಬೆಂಗಳೂರು ಮತ್ತು ಮೈಸೂರುಗಳ ನಡುವೆ, ಮದ್ದೂರು ದಾಟಿ ಮಂಡ್ಯ ತಲುಪುವುದಕ್ಕೆ ಮುಂಚೆ ಸಿಗುವ ಹನಕೆರೆಯಂಥ ಊರಿನಿಂದ ನೋಡಿದಾಗ ಈ ಪ್ರಶ್ನೆಯ ತೂಕ ಚೆನ್ನಾಗಿ ತಿಳಿಯುತ್ತದೆ. ಏಕೆಂದರೆ ರೈಲು, ಹೆದ್ದಾರಿ, ನೀರು, ದುಡಿಮೆ ಈ ನಾಲ್ಕೂ ದಾರಿಗಳಲ್ಲಿ ಈ ಸೀಮೆ ನಗರದ ಭಾಗವೇ ಆಗಿದ್ದರೂ ನಗರವನ್ನು ಅಳೆಯುವ ಯಾವ ಪಟ್ಟಿಯಲ್ಲಿಯೂ ಅದಕ್ಕೆ ಜಾಗವಿಲ್ಲ.

ಸ್ಪರ್ಧಾಶಕ್ತಿಯ ಚರ್ಚೆಗೆ ಎರಡು ಹಳೆಯ ಬೇರುಗಳಿವೆ. ಒಂದೇ ಬಗೆಯ ಉದ್ದಿಮೆಗಳು ಒಂದೇ ಕಡೆ ನೆರೆದಾಗ ಕೆಲಸ ಬಲ್ಲವರು ಸುಲಭವಾಗಿ ಸಿಗುತ್ತಾರೆ, ಬಿಡಿಭಾಗ ಒದಗಿಸುವವರು ಹತ್ತಿರದಲ್ಲೇ ಹುಟ್ಟಿಕೊಳ್ಳುತ್ತಾರೆ, ಕಸುಬಿನ ಗುಟ್ಟುಗಳು ಒಬ್ಬರಿಂದೊಬ್ಬರಿಗೆ ತಾವಾಗಿಯೇ ಹರಡುತ್ತವೆ ಎಂದು ಆಲ್ಫ್ರೆಡ್ ಮಾರ್ಷಲ್ 1890ರಲ್ಲಿಯೇ ವಿವರಿಸಿದ್ದ. ನೂರು ವರ್ಷಗಳ ನಂತರ, 1990ರಲ್ಲಿ, ಮೈಕೆಲ್ ಪೋರ್ಟರ್ ಅದೇ ತಿಳಿವಳಿಕೆಯನ್ನು ಬೆಳೆಸಿ ರಾಷ್ಟ್ರಗಳ ಸ್ಪರ್ಧಾಶಕ್ತಿಯ ಸಿದ್ಧಾಂತವನ್ನು ಕಟ್ಟಿದ. ಅದಾದ ನಾಲ್ಕೇ ವರ್ಷಗಳಲ್ಲಿ ಪಾಲ್ ಕ್ರುಗ್‌ಮನ್ ತೀಕ್ಷ್ಣವಾದ ಆಕ್ಷೇಪ ಎತ್ತಿದ: ಪೈಪೋಟಿಯಲ್ಲಿ ಸೋತ ಕಂಪನಿ ಬಾಗಿಲು ಮುಚ್ಚುತ್ತದೆ, ಆದರೆ ದೇಶಕ್ಕೆ ಮುಚ್ಚುವ ಬಾಗಿಲೇ ಇಲ್ಲ, ಒಂದು ದೇಶದ ಏಳಿಗೆ ಇನ್ನೊಂದರ ಸೋಲಿನಿಂದ ಬರುವುದಿಲ್ಲ, ಆದ್ದರಿಂದ ದೇಶಗಳನ್ನು ಕಂಪನಿಗಳಂತೆ ಪಂದ್ಯಕ್ಕಿಳಿಸುವುದು ಅಪಾಯಕಾರಿ ಗೀಳು ಎಂಬುದು ಅವನ ವಾದ. ನಗರಗಳ ವಿಷಯದಲ್ಲಿ ಈ ಆಕ್ಷೇಪದ ಬಿರುಸು ಸ್ವಲ್ಪ ಇಳಿಯುತ್ತದೆಂಬುದನ್ನು ಒಪ್ಪಬೇಕು. ಒಂದೇ ದೇಶದೊಳಗಿನ ನಗರಗಳಿಗೆ ಬೇರೆ ಬೇರೆ ನಾಣ್ಯವಾಗಲಿ, ಸುಂಕದ ಕಟ್ಟೆಯಾಗಲಿ ಇಲ್ಲ; ಹೊಸೂರಿಗೆ ಹೋಗಬೇಕೋ ಬಿಡದಿಗೆ ಬರಬೇಕೋ ಎಂದು ಕಾರ್ಖಾನೆಯೊಂದು ನಿಜವಾಗಿಯೂ ಲೆಕ್ಕ ಹಾಕುತ್ತದೆ, ಮತ್ತು ಆ ಲೆಕ್ಕದಲ್ಲಿ ಒಂದು ಊರು ಗೆದ್ದರೆ ಇನ್ನೊಂದು ಸೋಲುತ್ತದೆ. ಆದರೆ ಕ್ರುಗ್‌ಮನ್‌ನ ಆಕ್ಷೇಪದ ತಿರುಳು ಉಳಿದೇ ಉಳಿಯುತ್ತದೆ: ಗೆದ್ದದ್ದು ಯಾರು, ನಗರವೆಂಬ ಹೆಸರೋ, ಅಲ್ಲಿ ನೋಂದಾಯಿತವಾದ ಕಂಪನಿಗಳೋ, ಅಲ್ಲಿ ದುಡಿದು ಬೇರೆಡೆ ಮಲಗುವ ಜನರೋ?

ಈಗ ಚಾಲ್ತಿಯಲ್ಲಿರುವ ಮಾಪನಗಳು ಹೇಗೆ ತಯಾರಾಗುತ್ತವೆ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಸಾಕು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2018ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ ಪುಣೆ ಮೊದಲನೆಯದಾಗಿತ್ತು, ಬೆಂಗಳೂರು 58ನೆಯ ಸ್ಥಾನದಲ್ಲಿತ್ತು. ಅದೇ ಸಚಿವಾಲಯ 2021ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ಮುಂದಿನ ಆವೃತ್ತಿಯಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಪೈಕಿ ಬೆಂಗಳೂರು ಮೊದಲ ಸ್ಥಾನಕ್ಕೆ ಬಂದಿತು. ಮೂರು ವರ್ಷಗಳೊಳಗೆ ಒಂದು ಮಹಾನಗರ 57 ಮೆಟ್ಟಿಲು ಹತ್ತಿತೆಂದು ಅಲ್ಲಿಯ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿದ್ದ ಯಾರೂ ನಂಬಿರಲಾರರು. ನಡೆದದ್ದು ಬೇರೆ. ಎರಡನೆಯ ಆವೃತ್ತಿಯಲ್ಲಿ ಸೂಚಕಗಳೂ ಅವುಗಳಿಗೆ ಕೊಟ್ಟ ತೂಕವೂ ಬದಲಾಗಿದ್ದವು: ಜೀವನದ ಗುಣಮಟ್ಟಕ್ಕೆ ಶೇ 35, ಆರ್ಥಿಕ ಸಾಮರ್ಥ್ಯಕ್ಕೆ ಶೇ 15, ಸುಸ್ಥಿರತೆಗೆ ಶೇ 20, ನಾಗರಿಕರ ಅಭಿಪ್ರಾಯಕ್ಕೆ ಶೇ 30. ಸೂಚಕವೆಂದರೆ ಅಳೆಯಬಹುದಾದ ಒಂದು ಸಂಗತಿ, ತೂಕವೆಂದರೆ ಒಟ್ಟು ಅಂಕದಲ್ಲಿ ಅದಕ್ಕೆ ಸಲ್ಲುವ ಪಾಲು. ಸೂಚಕ ಸತ್ಯವನ್ನು ಅವಲಂಬಿಸಿದ್ದರೆ ತೂಕ ಅದನ್ನು ನಿಗದಿ ಮಾಡುವವರ ಅಭಿರುಚಿಯನ್ನು ಅವಲಂಬಿಸಿರುತ್ತದೆ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಅದೇ ದಿನ ಬಿಡುಗಡೆಯಾದ ಪೌರಾಡಳಿತ ಕಾರ್ಯಕ್ಷಮತೆಯ ಸೂಚ್ಯಂಕದಲ್ಲಿ ಬೆಂಗಳೂರಿನ ಪಾಲಿಕೆಗೆ ಸಿಕ್ಕಿದ್ದು 31ನೆಯ ಸ್ಥಾನ. ಬದುಕಲು ದೇಶದಲ್ಲೇ ಅತ್ಯುತ್ತಮವಾದ ನಗರವನ್ನು ನಡೆಸುತ್ತಿರುವ ಪಾಲಿಕೆ ಮೂವತ್ತು ನಗರಗಳಿಗಿಂತ ಹಿಂದಿದೆ ಎಂಬ ಎರಡು ಮಾತುಗಳನ್ನು ಒಂದೇ ಸಚಿವಾಲಯ ಒಂದೇ ದಿನ ಹೇಳಿದಾಗ, ಎರಡರಲ್ಲಿ ಒಂದು ಸುಳ್ಳಾಗಿರಬೇಕಿಲ್ಲ. ನಗರದ ಬಲ ಅದರ ಆಡಳಿತದಿಂದಲ್ಲದೆ ಬೇರೆಲ್ಲಿಂದಲೋ ಬರುತ್ತಿದೆ ಎಂಬ ಮೂರನೆಯ ಸತ್ಯ ಅವುಗಳ ನಡುವೆ ಅಡಗಿರುತ್ತದೆ. ಆ ಬೇರೆಲ್ಲಿಯನ್ನು ಹುಡುಕುವುದೇ ಮಾಪನದ ಕೆಲಸವಾಗಬೇಕಿತ್ತು.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ದೋಷವಲ್ಲ. ವ್ಯವಹಾರ ನಡೆಸುವ ಸುಗಮತೆಯ ಬಗ್ಗೆ ವಿಶ್ವಬ್ಯಾಂಕ್ ಪ್ರಕಟಿಸುತ್ತಿದ್ದ ವಾರ್ಷಿಕ ವರದಿಯಲ್ಲಿ ಇಡೀ ಭಾರತದ ಪರವಾಗಿ ಅಳೆಯಲ್ಪಡುತ್ತಿದ್ದದ್ದು ಮುಂಬಯಿ ಮತ್ತು ದೆಹಲಿ ಎಂಬ ಎರಡೇ ನಗರಗಳು. ಆ ಎರಡು ನಗರಗಳಲ್ಲಿ ಕಟ್ಟಡ ಪರವಾನಗಿಯ ಕಾಗದ ಬೇಗ ಕೈಸೇರಿದರೆ ದೇಶವೇ ಮುಂದಕ್ಕೆ ಜಿಗಿದಂತೆ ಕಾಣುತ್ತಿತ್ತು. ಕೆಲವು ದೇಶಗಳ ಅಂಕಿಗಳಲ್ಲಿ ಅಕ್ರಮಗಳಾಗಿದ್ದುದು ಬಯಲಾದ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ಆ ವರದಿಯನ್ನೇ ಬ್ಯಾಂಕ್ ನಿಲ್ಲಿಸಿತು.

ಸೂಚ್ಯಂಕಗಳ ಈ ಚಂಚಲತೆಗೆ ಒಂದು ಆಳವಾದ ಕಾರಣವಿದೆ, ಅದು ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. ಒಂದು ನಗರದ ಆರ್ಥಿಕ ಬಲವನ್ನು ಹೇಳಲು ಮೊದಲು ಬೇಕಾದದ್ದು ಆ ನಗರದ ಒಟ್ಟು ಉತ್ಪನ್ನ. ಅಂದರೆ ಅದರ ಎಲ್ಲೆಯೊಳಗೆ ಒಂದು ವರ್ಷದಲ್ಲಿ ಉತ್ಪತ್ತಿಯಾದ ಸರಕು ಮತ್ತು ಸೇವೆಗಳ ಮೌಲ್ಯದಿಂದ, ಅವುಗಳ ತಯಾರಿಕೆಗೆ ಬಳಸಿದ ವಸ್ತುಗಳ ಬೆಲೆಯನ್ನು ಕಳೆದು ಉಳಿಯುವ ಮೊತ್ತ. ಭಾರತದಲ್ಲಿ ಈ ಲೆಕ್ಕ ದೇಶಕ್ಕೆ ಇದೆ, ರಾಜ್ಯಕ್ಕೆ ಇದೆ, ಜಿಲ್ಲೆಗೂ ಇದೆ, ನಗರಕ್ಕೆ ಇಲ್ಲ. ಜಿಲ್ಲೆಯ ಲೆಕ್ಕವನ್ನು ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ತಯಾರಿಸುತ್ತದೆಯಾದರೂ, ಬೆಳೆ ಮತ್ತು ಹೈನಿನಂಥ ಕೆಲವು ವಲಯಗಳನ್ನು ಬಿಟ್ಟರೆ ಬಹುಪಾಲು ಸೇವಾ ವಲಯಗಳಲ್ಲಿ ರಾಜ್ಯದ ಒಟ್ಟು ಮೊತ್ತವನ್ನು ಯಾವುದಾದರೊಂದು ಅನುಪಾತದ ಪ್ರಕಾರ ಜಿಲ್ಲೆಗಳಿಗೆ ಹಂಚಲಾಗುತ್ತದೆ. ಹಾಗೆ ಹಂಚಿದಾಗ ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರ ಪಾಲಿಗೆ ಬೀಳುತ್ತದೆ.

ಇಲ್ಲಿ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಆದಾಯ ಎಲ್ಲಿ ಹುಟ್ಟಿತು ಎಂಬ ಲೆಕ್ಕ ಒಂದು, ಆ ಆದಾಯ ಕೊನೆಗೆ ಯಾವ ಊರಿನ ಮನೆ ಸೇರಿತು ಎಂಬ ಲೆಕ್ಕ ಇನ್ನೊಂದು. ನಮ್ಮ ಜಿಲ್ಲಾ ಲೆಕ್ಕಗಳು ಮೊದಲನೆಯ ಬಗೆಯವು. ಹನಕೆರೆಯಿಂದ ಮುಂಜಾನೆಯ ರೈಲು ಹಿಡಿದು ಬೆಂಗಳೂರಿನ ಕಟ್ಟಡವೊಂದರಲ್ಲಿ ಭದ್ರತಾ ಸಿಬ್ಬಂದಿಯಾಗಿಯೋ ಕಚೇರಿಯೊಂದರಲ್ಲಿ ಗುಮಾಸ್ತನಾಗಿಯೋ ದುಡಿದು ಬರುವ ವ್ಯಕ್ತಿಯ ದುಡಿಮೆಯ ಮೌಲ್ಯ ಬೆಂಗಳೂರಿನ ಖಾತೆಗೆ ಸೇರುತ್ತದೆ. ಅವನ ಮಕ್ಕಳ ಶಾಲೆ, ಅವನ ತಾಯಿಯ ಆಸ್ಪತ್ರೆ, ಅವನ ಮನೆಯ ಚರಂಡಿ ಮಂಡ್ಯ ಜಿಲ್ಲೆಯ ಖರ್ಚಿನಲ್ಲಿ ಉಳಿಯುತ್ತವೆ. ಬೆಂಗಳೂರಿನ ತಲಾದಾಯವನ್ನು ಕಂಡುಹಿಡಿಯಲು ಈ ಉತ್ಪನ್ನವನ್ನು ಅಲ್ಲಿಯ ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದಾಗ ಅವನು ಅಂಶದಲ್ಲಿ ಇರುತ್ತಾನೆ, ಛೇದದಲ್ಲಿ ಇರುವುದಿಲ್ಲ. ಮಂಡ್ಯದ ತಲಾದಾಯದಲ್ಲಿ ಇದರ ತಿರುವುಮುರುವು. ಅಂದರೆ ಒಂದು ಜಿಲ್ಲೆ ಇರುವುದಕ್ಕಿಂತ ಶ್ರೀಮಂತವಾಗಿಯೂ ಇನ್ನೊಂದು ಇರುವುದಕ್ಕಿಂತ ಬಡವಾಗಿಯೂ ಕಾಣುತ್ತವೆ. ಇದು ಸಣ್ಣ ತಿದ್ದುಪಡಿಯಿಂದ ಸರಿಹೋಗುವ ತಪ್ಪಲ್ಲ, ಏಕೆಂದರೆ ಎಷ್ಟು ಜನ ಹೀಗೆ ಓಡಾಡುತ್ತಾರೆ ಎಂಬ ಎಣಿಕೆಯೇ ನಮ್ಮಲ್ಲಿ ನಡೆದಿಲ್ಲ. 2011ರ ಜನಗಣತಿ ಕೃಷಿಯೇತರ ದುಡಿಮೆಗಾರರನ್ನು ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ, ಯಾವ ವಾಹನದಲ್ಲಿ ಹೋಗುತ್ತೀರಿ ಎಂದು ಕೇಳಿತು. ಯಾವ ಊರಿಗೆ ಹೋಗುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಯುರೋಪಿನ ದೇಶಗಳು ಈ ತೊಡಕನ್ನು ಬಿಡಿಸಿಕೊಂಡ ಬಗೆ ಗಮನಾರ್ಹ. ಅಲ್ಲಿ ನಗರವನ್ನು ಪಾಲಿಕೆಯ ಗಡಿಯಿಂದಲ್ಲದೆ ಜನರ ಓಡಾಟದಿಂದ ಗುರುತಿಸಲಾಗುತ್ತದೆ: ಸುತ್ತಲಿನ ಒಂದು ಪುರಸಭೆಯ ದುಡಿಮೆಗಾರರಲ್ಲಿ ಶೇ 15ರಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕೆಂದು ನಗರಕ್ಕೆ ಹೋಗುತ್ತಿದ್ದರೆ ಆ ಪುರಸಭೆಯೂ ನಗರದ ಕಾರ್ಯವ್ಯಾಪ್ತಿಗೆ ಸೇರಿತೆಂದು ಲೆಕ್ಕ. ನಮ್ಮಲ್ಲಿ ಗಡಿಗಳು ಓಡಾಟವನ್ನು ಹಿಂಬಾಲಿಸುವುದಿಲ್ಲ, ಆಡಳಿತದ ಅನುಕೂಲವನ್ನು ಹಿಂಬಾಲಿಸುತ್ತವೆ. ಬೆಂಗಳೂರಿನ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ 2007ರಲ್ಲಿ ಬೃಹತ್ ಪಾಲಿಕೆಯನ್ನು ಮಾಡಲಾಯಿತು. 2025ರಲ್ಲಿ ಅದನ್ನು ಒಡೆದು ಒಂದು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳನ್ನಾಗಿ ಮಾಡಲಾಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಬೆಂಗಳೂರಿನ ಹೆಸರು ಬಂದರೆ ಹೂಡಿಕೆ ಬರುತ್ತದೆ, ಜಮೀನಿನ ಬೆಲೆ ಏರುತ್ತದೆ ಎಂಬುದು ಅದನ್ನು ಬೆಂಬಲಿಸಿದವರು ಬಹಿರಂಗವಾಗಿಯೇ ಹೇಳಿದ ಕಾರಣ. ಆ ಹೆಸರು ಈಗ ಮದ್ದೂರು ತಾಲ್ಲೂಕಿನ ನಿಡಘಟ್ಟದ ಅಂಚಿನವರೆಗೆ ಬಂದು ನಿಂತಿದೆ. ಜಿಲ್ಲೆಯ ಫಲಕ ಬದಲಾದ ಮಾತ್ರಕ್ಕೆ ಚನ್ನಪಟ್ಟಣದ ರೇಷ್ಮೆ ಬೆಳೆಗಾರ ನಗರವಾಸಿಯಾಗಲಿಲ್ಲ, ಫಲಕ ಬದಲಾಗದ ಮಾತ್ರಕ್ಕೆ ಹನಕೆರೆ ಬೆಂಗಳೂರಿನ ಆರ್ಥಿಕತೆಯ ಹೊರಗೂ ಉಳಿಯಲಿಲ್ಲ.

ಹನಕೆರೆಯ ಸೀಮೆಗೆ ನಗರದ ನಂಟು ಹೊಸದೂ ಅಲ್ಲ. ಬೆಂಗಳೂರು–ಮೈಸೂರು ರೈಲು ಮಾರ್ಗ 1880ರ ದಶಕದ ಆರಂಭದಲ್ಲಿಯೇ ಈ ಹೊಲಗಳ ನಡುವೆ ಹಾದುಹೋಯಿತು. ಮದ್ದೂರು ವಡೆಗೆ ಹೆಸರು ಬಂದದ್ದೇ ಆ ಮಾರ್ಗದ ನಿಲ್ದಾಣದಲ್ಲಿ ರೈಲು ನಿಲ್ಲುತ್ತಿದ್ದುದರಿಂದ. ನಿಲ್ಲುವುದರಿಂದ ವ್ಯಾಪಾರ ಹುಟ್ಟುತ್ತದೆ, ಹಾದುಹೋಗುವುದರಿಂದ ಹುಟ್ಟುವುದಿಲ್ಲ ಎಂಬ ಈ ಸರಳ ಸಂಗತಿಯನ್ನು 2023ರ ಎಕ್ಸ್‌ಪ್ರೆಸ್ ಹೆದ್ದಾರಿ ತಲೆಕೆಳಗಾಗಿ ನಿರೂಪಿಸಿತು. ಆ ವರ್ಷ ಮಾರ್ಚ್ 12ರಂದು ಹನಕೆರೆಗೆ ಹತ್ತಿರದ ಗೆಜ್ಜಲಗೆರೆಯಲ್ಲಿಯೇ ಪ್ರಧಾನಿಯಿಂದ ಉದ್ಘಾಟನೆಯಾದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚದ, ಸುಮಾರು 118 ಕಿಲೋಮೀಟರ್ ಉದ್ದದ ಈ ರಸ್ತೆಯ ಯಶಸ್ಸನ್ನು ಅಳೆದದ್ದು ಒಂದೇ ಅಂಕಿಯಿಂದ: ಮೂರು ಗಂಟೆಯ ಪ್ರಯಾಣ ಸುಮಾರು 75 ನಿಮಿಷಕ್ಕೆ ಇಳಿಯಿತು ಎಂಬುದರಿಂದ. ಬೆಂಗಳೂರು ಮತ್ತು ಮೈಸೂರು ಎರಡರ ಸ್ಪರ್ಧಾಶಕ್ತಿಗೂ ಇದು ಸಲ್ಲುವ ಲಾಭ, ಅದರಲ್ಲಿ ಅನುಮಾನವಿಲ್ಲ. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಎಲ್ಲ ಊರುಗಳನ್ನೂ ಬೈಪಾಸುಗಳು ಬಳಸಿ ಹೋದದ್ದರಿಂದ ಹಳೆಯ ಹೆದ್ದಾರಿಯ ಬದಿಯ ಹೋಟೆಲುಗಳು, ಚನ್ನಪಟ್ಟಣದ ಬೊಂಬೆ ಅಂಗಡಿಗಳು, ಎಳನೀರು ಮತ್ತು ಹಣ್ಣು ಮಾರುವವರು ಕಳೆದುಕೊಂಡ ಗಿರಾಕಿಯ ಲೆಕ್ಕ ಆ 75 ನಿಮಿಷಗಳ ಎದುರು ಯಾವ ಅಧಿಕೃತ ಕಾಗದದಲ್ಲಿಯೂ ಕುಳಿತಿಲ್ಲ.

ಕಾಲದ ಲೆಕ್ಕವನ್ನೇ ಪೂರ್ತಿಯಾಗಿ ಮಾಡಿದ್ದರೂ ಆಗುತ್ತಿತ್ತು. ಅಪಘಾತಗಳು ಹೆಚ್ಚಿದ ಕಾರಣ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರು, ಎತ್ತಿನ ಗಾಡಿಗಳನ್ನು ನಿಷೇಧಿಸಲಾಯಿತು. ಜೀವರಕ್ಷಣೆಯ ದೃಷ್ಟಿಯಿಂದ ಆ ನಿರ್ಧಾರ ಸರಿಯಾದದ್ದೇ. ಅದರ ಅರ್ಥ ಮಾತ್ರ ಇಷ್ಟು: ಕಬ್ಬು ತುಂಬಿದ ಟ್ರ್ಯಾಕ್ಟರು, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು ಸರ್ವಿಸ್ ರಸ್ತೆಗೆ ಇಳಿಯಬೇಕು, ರಸ್ತೆಯ ಆಚೆಗಿರುವ ತನ್ನದೇ ಗದ್ದೆಗೆ ಹೋಗಲು ರೈತ ಅಂಡರ್‌ಪಾಸನ್ನು ಹುಡುಕಿಕೊಂಡು ಬಳಸಿ ಬರಬೇಕು. ಹೆದ್ದಾರಿ ಬದಿಯ ಊರುಗಳು ಅಂಡರ್‌ಪಾಸಿಗಾಗಿ ಪ್ರತಿಭಟನೆ ಮಾಡಿದ್ದು ಈ ಕಾರಣಕ್ಕೇ. ಕಾರಿನಲ್ಲಿ ಹೋಗುವವನಿಗೆ ಉಳಿದ ನಿಮಿಷಕ್ಕೆ ಬೆಲೆ ಕಟ್ಟುವ ಅರ್ಥಶಾಸ್ತ್ರ ಮೊಪೆಡ್ಡಿನವನಿಗೆ ಹೆಚ್ಚಾದ ನಿಮಿಷಕ್ಕೂ ಬೆಲೆ ಕಟ್ಟಬೇಕು. ಅವನ ಗಂಟೆಯ ಸಂಪಾದನೆ ಕಡಿಮೆ ಎಂಬ ಕಾರಣಕ್ಕೆ ಅವನ ನಿಮಿಷವನ್ನು ಅಗ್ಗವೆಂದು ಬರೆಯುವುದಾದರೆ, ಹಾಗೆ ಬರೆದಿದ್ದೇವೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯಾದರೂ ಇರಬೇಕು.

ರಸ್ತೆಗಿಂತಲೂ ಆಳವಾದ ನಂಟು ಮಳವಳ್ಳಿ ತಾಲ್ಲೂಕಿನದು. ಬೆಂಗಳೂರಿನ ಸ್ಪರ್ಧಾಶಕ್ತಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1909ರ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೊರಟು, 1940ರಿಂದ 1954ರವರೆಗೆ ಸಾಲಾಗಿ ಬಂದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳನ್ನು ದಾಟಿ, ಸಾಫ್ಟ್‌ವೇರಿಗೆ ಬರುತ್ತಾರೆ. ಆ ಕಥೆ ಸುಳ್ಳಲ್ಲ, ಆದರೆ ಅದು ಈ ತಾಲ್ಲೂಕಿನ ಶಿವನಸಮುದ್ರದಿಂದ ಆರಂಭವಾಗಬೇಕು. 1902ರಲ್ಲಿ ಅಲ್ಲಿ ಉತ್ಪಾದನೆಯಾದ ಜಲವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ವಿದ್ಯುತ್ತಾದ ಮೇಲೆ ನೀರು. ಕಾವೇರಿಯ ಶಿವ ಅಣೆಕಟ್ಟೆಯಿಂದ ನೆಟ್ಕಲ್ ಜಲಾಶಯಕ್ಕೆ ಹರಿದು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಪಂಪು ಮಾಡುತ್ತ ಬೆಂಗಳೂರಿಗೆ ಏರಿಸಲಾಗುತ್ತದೆ. ಮೊದಲ ಹಂತ 1974ರದು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ತೊರೆಕಾಡನಹಳ್ಳಿಯಲ್ಲಿಯೇ ಉದ್ಘಾಟನೆಯಾಯಿತು. ನೀರಿನ ಪೂರೈಕೆಯನ್ನು ಎಣಿಸುವ ಸ್ಪರ್ಧಾಶಕ್ತಿ ಸೂಚ್ಯಂಕಗಳಲ್ಲಿ ಅದು ನಗರದ ಸಾಧನೆಯ ಕಲಮಿನಲ್ಲಿರುತ್ತದೆ. ಆ ನೀರು ಎಲ್ಲಿಂದ ಬಂದಿತು, ಅದು ಬಂದದ್ದರಿಂದ ಎಲ್ಲಿ ಏನು ಕಡಿಮೆಯಾಯಿತು ಎಂಬ ಕಲಮು ಇರುವುದಿಲ್ಲ.

ಸ್ಪರ್ಧಾಶಕ್ತಿಯ ಭಾಷೆಯೇ ನೀರು ತರಬಲ್ಲದು ಎಂಬುದಕ್ಕೆ 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿಗಿಂತ ಸ್ಪಷ್ಟವಾದ ಪುರಾವೆ ಬೇಡ. 2007ರ ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಮೂರನೇ ಒಂದರಷ್ಟು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಆ ಭಾಗದ ಅಗತ್ಯವನ್ನಷ್ಟೇ ಪರಿಗಣಿಸಿತ್ತು. ಸುಪ್ರೀಂ ಕೋರ್ಟ್ ಬೆಂಗಳೂರು ಜಾಗತಿಕ ನಗರದ ಸ್ಥಾನ ಪಡೆದಿರುವುದನ್ನು ಗಮನಿಸಿ, ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿಯನ್ನು ಆ ನಗರದ ಕುಡಿಯುವ ನೀರಿಗೆಂದು ನಿಗದಿ ಮಾಡಿತು. ಈ ತೀರ್ಪಿನಿಂದ ಕರ್ನಾಟಕಕ್ಕೆ ಅನುಕೂಲವಾದದ್ದು ನಿಜ, ಕುಡಿಯುವ ನೀರಿಗೆ ಮೊದಲ ಹಕ್ಕು ಎಂಬ ತತ್ವವೂ ನ್ಯಾಯವಾದದ್ದೇ. ಆದರೂ ಮಳೆ ಕೈಕೊಟ್ಟ 2023ರಂಥ ವರ್ಷದಲ್ಲಿ ಕೆಆರ್‌ಎಸ್ ಜಲಾಶಯ ಬರಿದಾಗುತ್ತಿದ್ದಾಗ ಮಂಡ್ಯದ ಬೀದಿಗಳಲ್ಲಿ ಕುಳಿತ ರೈತರ ಎದುರಿಗಿದ್ದ ಪ್ರಶ್ನೆ ತಮಿಳುನಾಡಿಗೆ ನೀರು ಬಿಡುವುದರದು ಮಾತ್ರವಾಗಿರಲಿಲ್ಲ. ನಾಲೆಗೆ ಕಟ್ಟುನೀರು ಬಿಡುವ ಸರದಿ ತಪ್ಪಿದಾಗಲೂ ನಗರದ ಪಂಪುಗಳು ನಿಲ್ಲುವುದಿಲ್ಲ. ಜಾಗತಿಕ ನಗರ ಎಂಬ ಬಿರುದಿನ ಬೆಲೆಯನ್ನು ಜಗತ್ತು ಕೊಡುವುದಿಲ್ಲ, ನಾಲೆಯ ಬಾಲದಲ್ಲಿರುವ ಊರುಗಳು ಕೊಡುತ್ತವೆ.

ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಕೇವಲ ನಗರಕ್ಕೆ ಕೊಡುವ ಸೀಮೆಯೆಂದು ಬಗೆದರೆ ಅದೂ ಅರ್ಧ ಸತ್ಯ. ಈ ಸೀಮೆಗೆ ತನ್ನದೇ ಸ್ಪರ್ಧಾಶಕ್ತಿಯಿದೆ, ಮತ್ತು ಅದು ಹೇಗೆ ಕಟ್ಟಲ್ಪಟ್ಟಿತೆಂಬುದು ಮಾಪನದ ಚರ್ಚೆಗೆ ನೇರವಾಗಿ ಸಲ್ಲುತ್ತದೆ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಆರಂಭವಾದ ಆರ್ಥಿಕ ಸಮ್ಮೇಳನ ಮತ್ತು ಅದರ ಹಿಂದಿದ್ದ ವಿಶ್ವೇಶ್ವರಯ್ಯನವರು ಅಂಕಿ ಅಂಶಗಳನ್ನು ನೆಚ್ಚಿದ್ದರು, ಸಂಸ್ಥಾನವನ್ನು ಜಪಾನಿನಂಥ ದೇಶಗಳ ಜೊತೆ ಹೋಲಿಸುವುದಕ್ಕೂ ಹಿಂಜರಿಯಲಿಲ್ಲ. ಆದರೆ ಆ ಹೋಲಿಕೆಗಳ ಗುರಿ ಸ್ಥಾನ ಹೇಳುವುದಲ್ಲ, ಮುಂದೇನು ಕಟ್ಟಬೇಕೆಂದು ಹೇಳುವುದು. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್, 1911ರಿಂದ 1932ರ ನಡುವೆ ಮೇಲೆದ್ದಿತು; ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗದ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿಗೆ ನೀರು ತಂದಿತು; ನೀರು ಬಂದ ಕಡೆ ಏನು ಬೆಳೆದರೆ ಹಣವಾದೀತೆಂದು ಯೋಚಿಸಿದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಮತ್ತು ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು; 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಟ್ಟೆ, ನಾಲೆ, ಕಬ್ಬು, ಕಾರ್ಖಾನೆ, ಜಿಲ್ಲಾ ಕೇಂದ್ರ ಹೀಗೆ ಒಂದು ಊರು ಪಟ್ಟಣವಾದ ಕ್ರಮ ಇಷ್ಟು ಚೊಕ್ಕವಾಗಿ ಕಾಣಸಿಗುವುದು ಕರ್ನಾಟಕದಲ್ಲಿ ಅಪರೂಪ.

ಇಂದಿನ ಸೂಚ್ಯಂಕಗಳನ್ನು ಈ ಸೀಮೆಗೆ ಅನ್ವಯಿಸಿದರೆ ಸಿಗುವುದು ಬಹುತೇಕ ಸೊನ್ನೆ. ಸ್ಟಾರ್ಟಪ್ಪುಗಳೆಷ್ಟು, ಪೇಟೆಂಟುಗಳೆಷ್ಟು, ವಿಮಾನ ನಿಲ್ದಾಣಕ್ಕೆ ಎಷ್ಟು ನಿಮಿಷ ಎಂಬ ಪ್ರಶ್ನೆಗಳಿಗೆ 2011ರ ಗಣತಿಯಲ್ಲಿ ಸುಮಾರು 1.37 ಲಕ್ಷ ಜನರಿದ್ದ ಮಂಡ್ಯ ನಗರ ಉತ್ತರಿಸಲಾರದು. ದೆಹಲಿ, ಮುಂಬಯಿಗಳವರೆಗೆ ಲಾರಿ ಕಳಿಸುವ ಮದ್ದೂರಿನ ಎಳನೀರು ಮಾರುಕಟ್ಟೆ, ಮಂಡ್ಯದ ಎಪಿಎಂಸಿಯ ಬೆಲ್ಲ, ಗೆಜ್ಜಲಗೆರೆಯ ಹಾಲು ಒಕ್ಕೂಟ, ಕೊಪ್ಪ ಮತ್ತು ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಗಳು, ಸೋಮನಹಳ್ಳಿಯ ಕೈಗಾರಿಕಾ ಪ್ರದೇಶ ಇವುಗಳಿಗೆ ಆ ಪಟ್ಟಿಗಳಲ್ಲಿ ಕಲಮಿಲ್ಲ. ಅವುಗಳನ್ನು ಕೇಳಬೇಕಾದ ಪ್ರಶ್ನೆಗಳೇ ಬೇರೆ. ದೆಹಲಿಯಲ್ಲಿ ಒಂದು ಎಳನೀರಿಗೆ ಗಿರಾಕಿ ಕೊಟ್ಟ ಹಣದಲ್ಲಿ ಎಷ್ಟು ಪಾಲು ಮದ್ದೂರು ತಾಲ್ಲೂಕಿನಲ್ಲಿ ಉಳಿಯಿತು? ಆಲೆಮನೆಗೆ ಹಾಕಿದ ಕಬ್ಬಿಗೂ ಕಾರ್ಖಾನೆಗೆ ಸಾಗಿಸಿದ ಕಬ್ಬಿಗೂ ರೈತನ ಕೈಗೆ ಬಂದ ಹಣದಲ್ಲಿ, ಅದು ಬಂದ ದಿನಗಳಲ್ಲಿ, ಇರುವ ವ್ಯತ್ಯಾಸವೇನು? ಹಲವು ಹಂಗಾಮು ನಿಂತು 2022ರಲ್ಲಿ ಮತ್ತೆ ಚಾಲೂ ಆದ ಮೈಷುಗರ್ ನಿಂತಿದ್ದ ವರ್ಷಗಳಲ್ಲಿ ಕಬ್ಬು ಎಲ್ಲಿಗೆ ಹೋಯಿತು, ಯಾವ ಬೆಲೆಗೆ? ಗಾರ್ಮೆಂಟ್ಸ್ ಘಟಕ ಬಂದಾಗ ಹುಟ್ಟಿದ ಉದ್ಯೋಗಗಳ ಸಂಖ್ಯೆಯನ್ನು ಸ್ಪರ್ಧಾಶಕ್ತಿಯ ಲಕ್ಷಣವೆಂದು ಎಣಿಸುವವರು ಅವು ಎಷ್ಟು ವರ್ಷ ಬಾಳಿದವು ಎಂದೂ ಎಣಿಸಬೇಕು, ಏಕೆಂದರೆ 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಘಟಕ ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕೆಲಸಗಾರರು, ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು, ಒಮ್ಮೆಗೇ ಬೀದಿಗೆ ಬಂದರು. ಬೇಗ ಬರುವ ಬಂಡವಾಳ ಬೇಗ ಹೋಗಲೂಬಲ್ಲದು. ಕನ್ನಂಬಾಡಿಯ ನೀರಿನ ಮೇಲೆ ಕಟ್ಟಿದ ಉದ್ದಿಮೆ ಹಾಗೆ ಎದ್ದು ಹೋಗಲಾರದು.

ಈ ವಾದಕ್ಕೆ ಗಟ್ಟಿಯಾದ ಪ್ರತಿವಾದವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜನ, ಜ್ಞಾನ, ಬಂಡವಾಳಗಳು ಒಂದೆಡೆ ನೆರೆದಾಗಲೇ ಉತ್ಪಾದಕತೆ ಏರುತ್ತದೆ; ಬೆಂಗಳೂರು ಗಳಿಸಿದ್ದು ತೆರಿಗೆಯ ರೂಪದಲ್ಲಿ ರಾಜ್ಯದ ಬೊಕ್ಕಸಕ್ಕೆ, ಸಂಬಳದ ರೂಪದಲ್ಲಿ ಮಂಡ್ಯದ ಮನೆಗಳಿಗೆ, ಬೇಡಿಕೆಯ ರೂಪದಲ್ಲಿ ಮದ್ದೂರಿನ ತೋಟಗಳಿಗೆ ಹಿಂದಿರುಗುತ್ತದೆ; ಬೆಂಗಳೂರು ಇಲ್ಲದಿದ್ದರೆ ಹನಕೆರೆಯ ಪದವೀಧರ ಎಲ್ಲಿಗೆ ಹೋಗಬೇಕಿತ್ತು ಎಂಬ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ. ಈ ಮಾತುಗಳೆಲ್ಲ ಸರಿಯಿರಬಹುದು. ಆದರೆ ಹಿಂದಿರುಗುತ್ತದೆ ಎಂದು ಹೇಳುವವರ ಮೇಲೆಯೇ ಎಷ್ಟು ಹಿಂದಿರುಗಿತೆಂದು ತೋರಿಸುವ ಹೊಣೆಯೂ ಇದೆ, ಮತ್ತು ಈಗಿನ ಮಾಪನಗಳು ಅದನ್ನು ತೋರಿಸುವಂತೆ ರೂಪುಗೊಂಡೇ ಇಲ್ಲ. ನಂಬಿಕೆಯ ಮೇಲೆ ಒಪ್ಪಬೇಕಾದ ಲಾಭವನ್ನು ಲೆಕ್ಕವೆಂದು ಕರೆಯಲಾಗದು.

ಅಳತೆಯೇ ಬೇಡವೆನ್ನುವುದೂ ಪರಿಹಾರವಲ್ಲ. ಕರ್ನಾಟಕದ ಅನುಭವವೇ ಅದಕ್ಕೆ ವಿರುದ್ಧವಾಗಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳನ್ನು ಬಳಸಿ ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಹೆಸರಿಸಿತು. ಆ ವರದಿಯ ಅನುಷ್ಠಾನದ ಬಗ್ಗೆ ಎಷ್ಟೇ ದೂರುಗಳಿರಲಿ, ಪ್ರಾದೇಶಿಕ ಅಸಮತೋಲನದ ಚರ್ಚೆ ಅಂದಿನಿಂದ ಭಾವನೆಯ ಮಾತಾಗಿ ಉಳಿಯಲಿಲ್ಲ. ಯಾವ ತಾಲ್ಲೂಕಿಗೆ ಏನು ಕೊರತೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಸಮಿತಿಯ ವಿಧಾನಕ್ಕಿದ್ದ ಒಂದು ಮಿತಿಯೆಂದರೆ ಅದು ಪ್ರತಿ ತಾಲ್ಲೂಕನ್ನೂ ಒಂದೊಂದು ದ್ವೀಪದಂತೆ ಅಳೆಯಿತು. ಒಂದು ತಾಲ್ಲೂಕಿನ ಕೊರತೆಗೂ ಇನ್ನೊಂದು ನಗರದ ಸಮೃದ್ಧಿಗೂ ಇರಬಹುದಾದ ಸಂಬಂಧ, ಅಂದರೆ ನೀರು, ವಿದ್ಯುತ್ತು, ದುಡಿಮೆ, ಉಳಿತಾಯಗಳ ಹರಿವು, ಅದರ ವ್ಯಾಪ್ತಿಗೆ ಬರಲಿಲ್ಲ. ನಗರಗಳ ಸೂಚ್ಯಂಕಗಳದೂ ಇದೇ ಕುರುಡು, ಇನ್ನೊಂದು ತುದಿಯಿಂದ.

ಹಾಗಾದರೆ ಬೇಕಾದದ್ದು ಬೆಂಗಳೂರಿನಿಂದ ಮೈಸೂರಿನವರೆಗಿನ ಸೀಮೆಯನ್ನು ಒಂದೇ ಆರ್ಥಿಕ ಘಟಕವೆಂದು ತಿಳಿದು ಬರೆಯುವ ಲೆಕ್ಕ. ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ಸರ್ಕಾರದ ಕಚೇರಿಗಳಲ್ಲಿಯೇ ಇದೆ: ರೈಲ್ವೆಯ ಮಾಸಿಕ ಪಾಸುಗಳು ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ಎಂದು ಹೇಳಬಲ್ಲವು, ಟೋಲ್ ಗೇಟುಗಳ ದಾಖಲೆ ವಾಹನಗಳ ಓಡಾಟವನ್ನು ಹೇಳಬಲ್ಲದು, ಜಲಮಂಡಳಿಯ ಪಂಪುಮನೆಗಳ ಮೀಟರು ನೀರಿನ ಮತ್ತು ವಿದ್ಯುತ್ತಿನ ಪ್ರಮಾಣವನ್ನು ಹೇಳಬಲ್ಲದು, ಬ್ಯಾಂಕುಗಳ ಠೇವಣಿ ಮತ್ತು ಸಾಲದ ಅನುಪಾತ ಮಂಡ್ಯದ ಉಳಿತಾಯ ಮಂಡ್ಯದಲ್ಲಿಯೇ ಬಂಡವಾಳವಾಗುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಎಂದು ಹೇಳಬಲ್ಲದು. ಇವನ್ನು ಒಂದೆಡೆ ತಂದು, ಬೆಂಗಳೂರಿನ ಪ್ರತಿ ನೂರು ರೂಪಾಯಿ ಉತ್ಪನ್ನದ ಹಿಂದೆ ಹೊರಗಿನ ಊರುಗಳ ನೀರು, ದುಡಿಮೆ, ನೆಲ ಎಷ್ಟಿದೆ, ಅವುಗಳಿಗೆ ಪ್ರತಿಯಾಗಿ ಏನು ಸಂದಿದೆ ಎಂಬುದನ್ನು ಆರ್ಥಿಕ ಸಮೀಕ್ಷೆಯಲ್ಲಿ ಪ್ರತಿವರ್ಷ ಪ್ರಕಟಿಸುವುದು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಅಸಾಧ್ಯವಾದ ಕೆಲಸವಲ್ಲ. ಅಂಥ ಲೆಕ್ಕ ಹೊರಬಂದರೆ ಬೆಂಗಳೂರಿನ ಸ್ಥಾನ ಕುಸಿಯುತ್ತದೆಂದೇನೂ ಇಲ್ಲ. ಹತ್ತಿರದ ಊರುಗಳನ್ನು ಬಡವಾಗಿಸದೆ ಬೆಳೆದ ನಗರವೆಂದು ಅದು ತೋರಿಬಂದರೆ ಬೇರೆ ಯಾವ ಪಟ್ಟಿಯೂ ಕೊಡದ ಗೌರವ ಅದಕ್ಕೆ ಸಲ್ಲುತ್ತದೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಗಣತಿಯ ನಮೂನೆಯಲ್ಲಿ ಒಂದು ಸಾಲಿನ ತಿದ್ದುಪಡಿ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1 ಅದರ ಉಲ್ಲೇಖ ದಿನಾಂಕವೆಂದು ಅಧಿಸೂಚನೆ ಹೊರಬಿದ್ದಿದೆ. ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ ಎಂದು ಕೇಳುವಲ್ಲಿಯೇ ಯಾವ ಊರಿಗೆ ಹೋಗುತ್ತೀರಿ ಎಂದೂ ಕೇಳಬೇಕೆಂದು ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು. ಅದು ಆಗದಿದ್ದರೆ ಈ ಒಂದು ಪ್ರಶ್ನೆಗಾಗಿ ರಾಮನಗರದಿಂದ ಶ್ರೀರಂಗಪಟ್ಟಣದವರೆಗಿನ ತಾಲ್ಲೂಕುಗಳಲ್ಲಿ ತಾನೇ ಮಾದರಿ ಸಮೀಕ್ಷೆ ನಡೆಸಬೇಕು.